ಐಸ್‌ಲೆಂಡಿನ ಪತ್ತೇದಾರಿ ಕಾದಂಬರಿ ಮತ್ತು ನಮ್ಮ ವಿಮರ್ಶೆ

ಪತ್ತೇದಾರಿ ಕಾದಂಬರಿಯನ್ನು ಸಾಹಿತ್ಯದ ಪಂಕ್ತಿಯಿಂದ ಹೊರಗಿರಿಸುವುದು ನಮ್ಮ ವಿಮರ್ಶೆಯ ರೂಢಿ. ಕೊಲೆಗಾರನಾರೆಂಬುದು ತಿಳಿದೊಡನೆ ಇಂತಹ ಪುಸ್ತಕದ ಪ್ರಯೋಜನವೆಲ್ಲ ತೀರಿತೆಂಬುದು ಅದಕ್ಕೆ ಕೊಡುವ ಕಾರಣ. ಐಸ್‌ಲೆಂಡಿನ ಅರ್ನಾಲ್ದುರ್ ಇಂದ್ರಿದಾಸನ್ ಅವರ ಕೃತಿಗಳನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದವರಿಗೆ ಈ ಅಭಿಪ್ರಾಯವು ಪುನರ್ವಿಚಾರಕ್ಕೆ ಅರ್ಹವೆಂದು ತೋರದಿರದು.

2000ದಲ್ಲಿ ಪ್ರಕಟವಾದ ‘ಮೀರಿನ್’ ಕಾದಂಬರಿಯನ್ನೇ ನೋಡಬಹುದು. ರೇಕ್ಯಾವಿಕ್ ನಗರದ ನೆಲಮಾಳಿಗೆಯೊಂದರಲ್ಲಿ ವೃದ್ಧನೊಬ್ಬನ ಕೊಲೆಯಾಗುತ್ತದೆ. ಅಲ್ಲಿ ದೊರೆತ, ಪುಟ್ಟ ಬಾಲಿಕೆಯೊಬ್ಬಳ ಗೋರಿಯ ಛಾಯಾಚಿತ್ರವು ಪೊಲೀಸ್ ಅಧಿಕಾರಿ ಎರ್ಲೆಂದುರ್‌ನನ್ನು ದಶಕಗಳ ಹಿಂದಿನ ಅತ್ಯಾಚಾರದತ್ತಲೂ ರಕ್ತದಲ್ಲಿ ಇಳಿದುಬಂದ ವ್ಯಾಧಿಯತ್ತಲೂ ಕೊಂಡೊಯ್ಯುತ್ತದೆ. ಇಡೀ ಜನತೆಯ ಆರೋಗ್ಯದಾಖಲೆಗಳನ್ನು ಒಂದೆಡೆ ಕೂಡಿಸಲು ಅನುವಾಗುವ ಶಾಸನವನ್ನು ಅಲ್ಲಿನ ಸಂಸತ್ತು 1998ರಲ್ಲಿ ಅಂಗೀಕರಿಸಿತ್ತು. ತನ್ನ ದಿವಂಗತ ತಂದೆಯ ದಾಖಲೆ ಅದರಲ್ಲಿ ಸೇರಕೂಡದೆಂಬ ಮಗಳೊಬ್ಬಳ ವಾದವನ್ನು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ಮನ್ನಿಸಿತು. ನಾಲ್ಕು ಲಕ್ಷಕ್ಕೂ ಕಡಮೆ ಜನರಿರುವ, ವಂಶಾವಳಿಗಳನ್ನು ಶತಮಾನಗಳಿಂದ ಕಾಪಾಡಿದ ನಾಡಿನಲ್ಲಿ ಕುಲದ ಗುಟ್ಟು ಯಾರ ಸ್ವತ್ತು? ನ್ಯಾಯಾಲಯಕ್ಕಿಂತ ಮೊದಲೇ ಕಾದಂಬರಿಯು ಈ ಪ್ರಶ್ನೆಯನ್ನೆತ್ತಿತು. ಕೊಲೆಗಾರನು ಗೊತ್ತಾದ ಮೇಲೂ ಪ್ರಶ್ನೆ ಉಳಿಯುತ್ತದೆ.

ಬರ್ನಾರ್ಡ್ ಸ್ಕಡರ್ ಅವರ ಅನುವಾದವು 2004ರಲ್ಲಿ ಹೊರಬಂದಿತು. ‘ಮೀರಿನ್’ ಎಂದರೆ ಜೌಗುನೆಲ. ಕೊಲೆ ನಡೆದ ಬಡಾವಣೆಯ ಹೆಸರಿನಲ್ಲಿಯೂ ಈ ಪದವಿದೆ. ‘ಜಾರ್ ಸಿಟಿ’ ಎಂಬ ಇಂಗ್ಲಿಷ್ ಶೀರ್ಷಿಕೆಯು ಸೀಸೆಗಳಲ್ಲಿ ಕಾದಿಟ್ಟ ಮಾನವಾಂಗಗಳ ಸಂಗ್ರಹವನ್ನು ಸೂಚಿಸಿ ಕುತೂಹಲ ಕೆರಳಿಸುತ್ತದೆ. ನೆಲದ ಧ್ವನಿಯನ್ನು ಕಳೆಯುತ್ತದೆ. ಹೆಸರುಗಳ ವಿಷಯದಲ್ಲಿ ಮಾತ್ರ ಅನುವಾದ ಮೂಲನಿಷ್ಠ. ಐಸ್‌ಲೆಂಡಿಗರಲ್ಲಿ ಬಹುಮಂದಿಗೆ ಮನೆತನದ ಹೆಸರಿಲ್ಲ. ‘ಇಂದ್ರಿದಾಸನ್’ ಎಂದರೆ ಇಂದ್ರಿದಿಯ ಮಗ. ಇಂಟಿಪೇರನ್ನು ಮೊದಲು ಕೇಳುವ ಈ ಊರಿನ ಬೇಗಂಪೇಟೆಯಲ್ಲಿ, ತಂದೆಯ ಹೆಸರನ್ನು ಒಂದು ಅಕ್ಷರವಾಗಿ ಹೊತ್ತು ನೆಲಸಿದ ಮೈಸೂರು ಕಡೆಯ ಕನ್ನಡಿಗನಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ.

ಅರ್ನಾಲ್ದುರ್ ಅವರ ಕೃತಿಗಳನ್ನು ಕುರಿತು ಸ್ನಾತಕೋತ್ತರ ಪ್ರಬಂಧ ಬರೆದ ಕತ್ರಿನ್ ಯಾಕೋಬ್ಸ್‌ದೋತ್ತಿರ್ 2017ರಲ್ಲಿ ಆ ದೇಶದ ಪ್ರಧಾನಿಯಾದರು. 2022ರಲ್ಲಿ ತಾವೇ ಸಹಲೇಖಕಿಯಾಗಿ ಪತ್ತೇದಾರಿ ಕಾದಂಬರಿಯೊಂದನ್ನು ಪ್ರಕಟಿಸಿದರು. 2011ರಲ್ಲಿ ಕಾಲವಾದ ನಮ್ಮ ಎನ್. ನರಸಿಂಹಯ್ಯನವರು ಇಂತಹ ನೂರಾರು ಕಾದಂಬರಿಗಳಿಂದ ಜನಸಾಮಾನ್ಯರಿಗೆ ಓದಿನ ರುಚಿ ಹತ್ತಿಸಿದರು. ಅವರ ಪತ್ತೇದಾರ ಪುರುಷೋತ್ತಮನನ್ನು ಓದಿದವರು ಅಸಂಖ್ಯ, ವಿಮರ್ಶಿಸಿದವರು ವಿರಳ. ಎಲ್ಲವೂ ಶ್ರೇಷ್ಠವೆಂದು ಸಾಧಿಸುವ ಅಗತ್ಯವಿಲ್ಲ. ಆದರೆ ಆ ಪುಟಗಳಲ್ಲಿ ಕನ್ನಡ ಸಮಾಜದ ಯಾವ ಭಯ, ಯಾವ ಆಸೆ, ನ್ಯಾಯದ ಯಾವ ಕಲ್ಪನೆ ಅಡಗಿದೆಯೆಂಬುದನ್ನು ಪರಿಶೀಲಿಸದೆ ತೀರ್ಪು ಕೊಡುವುದು ವಿಮರ್ಶಾಧರ್ಮಕ್ಕೆ ಒಪ್ಪುವುದಿಲ್ಲ. ಹೊರನಾಡಿನಲ್ಲಿರುವ ನಮ್ಮ ವಿದ್ವಾಂಸರಾದರೂ ಈ ಕಾರ್ಯಕ್ಕೆ ಮೊದಲಿಡಬಹುದು.