ನಿಂತ ಹುದುಗಿಗೆ ಯಾವ ಮದ್ದು?

ಬಾರ್ಲಿವೈನ್, ಇಂಪೀರಿಯಲ್ ಸ್ಟೌಟ್‌ನಂಥ ಕಡಕ್ ಬಿಯರುಗಳನ್ನು ಮನೆಯಲ್ಲೇ ತಯಾರಿಸುವ ಬ್ರಿಟನ್, ಅಮೆರಿಕದ ಹವ್ಯಾಸಿಗಳಿಗೆ ಒಂದು ಸಂಕಟ ಚಿರಪರಿಚಿತ. 1.100 ಸಾಂದ್ರತೆಯಲ್ಲಿ ಶುರುವಾದ ಮಾಲ್ಟ್ ರಸ 1.025ರ ಆಸುಪಾಸಿಗೆ ಇಳಿಯಬೇಕು, ಆದರೆ 1.045ಕ್ಕೆ ಬಂದು ಹುದುಗು ನಿಂತುಬಿಡುತ್ತದೆ. ಆಗ ಅನೇಕರು ಇನ್ನೊಂದು ಪೊಟ್ಟಣ ಒಣ ಯೀಸ್ಟ್ ತಂದು ಸುರಿಯುತ್ತಾರೆ. ಇದ್ದುದರಲ್ಲಿ ಅತ್ಯಂತ ದುರ್ಬಲ ಉಪಾಯ ಇದೇ.

ಆ ಯೀಸ್ಟ್ ಬೀಳುವ ಜಾಗ ಎಂಥದು ನೋಡಿ. ಆಲ್ಕೋಹಾಲ್ ಆಗಲೇ ಶೇ. 7 ದಾಟಿದೆ, ಆಮ್ಲಜನಕ ಇಲ್ಲ, ಪೋಷಕಾಂಶ ಬಹುಮಟ್ಟಿಗೆ ಮುಗಿದಿದೆ. ಒಣಗಿದ ಕೋಶ ದ್ರವ ಹೀರಿ ಚೇತರಿಸಿಕೊಳ್ಳುವ ಹೊತ್ತಿನಲ್ಲೇ ಅದರ ಪೊರೆ ತೀರ ಸೂಕ್ಷ್ಮ. ಹೀಗಾಗಿ ಬಹುಪಾಲು ಕೋಶಗಳು ಕೆಲಸಕ್ಕೆ ತೊಡಗದೆ ತಳ ಸೇರುತ್ತವೆ.

ಮದ್ದಿಗಿಂತ ಮೊದಲು ರೋಗ ಗೊತ್ತಾಗಬೇಕು. ಆಲ್ಕೋಹಾಲ್ ಬೆರೆತ ಮೇಲೆ ರಿಫ್ರಾಕ್ಟೋಮೀಟರ್ ಇರುವುದಕ್ಕಿಂತ ಹೆಚ್ಚು ಸಾಂದ್ರತೆ ತೋರಿಸುತ್ತದೆ; ಲೆಕ್ಕ ಸರಿಪಡಿಸಿಕೊಳ್ಳದಿದ್ದರೆ ಹೈಡ್ರೋಮೀಟರನ್ನೇ ನಂಬಬೇಕು. ಮಾಲ್ಟನ್ನು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೆನೆಸಿದ್ದರೆ ಯೀಸ್ಟ್ ತಿನ್ನಲಾಗದ ಡೆಕ್ಸ್‌ಟ್ರಿನ್ ಹೆಚ್ಚು ಉಳಿದಿರುತ್ತದೆ. ಅಲ್ಲಿ ಹುದುಗು ನಿಂತಿಲ್ಲ, ಮುಗಿದಿದೆ. ಒಂದು ಲೋಟ ಬಿಯರನ್ನು ಬೇರೆ ತೆಗೆದು, ಧಾರಾಳ ಯೀಸ್ಟ್ ಹಾಕಿ ಬೆಚ್ಚಗಿಟ್ಟರೆ ಸಾಂದ್ರತೆ ಇನ್ನೂ ಇಳಿಯಬಲ್ಲದೇ ಎಂಬುದು ಒಂದೆರಡು ದಿನದಲ್ಲಿ ತಿಳಿಯುತ್ತದೆ. ಈ ಪರೀಕ್ಷೆ ಮಾಡದೆ ಯಾವ ಚಿಕಿತ್ಸೆಗೂ ಇಳಿಯಬಾರದು. ಅರೆಬರೆ ಹುದುಗಿದ್ದನ್ನು ಬಾಟಲಿಗೆ ತುಂಬುವುದಂತೂ ಅಪಾಯ. ಒಳಗೆ ಹುದುಗು ಮತ್ತೆ ಎದ್ದರೆ ಗಾಜು ಸಿಡಿಯುತ್ತದೆ.

ಸಕ್ಕರೆ ನಿಜವಾಗಿ ಉಳಿದಿದ್ದರೆ ಮೊದಲ ಆಯ್ಕೆ ಪಾತ್ರೆಯನ್ನು ಎರಡು ಮೂರು ಡಿಗ್ರಿ ಬೆಚ್ಚಗೆ ಮಾಡಿ, ಗಾಳಿ ಸೇರದಂತೆ ಮೆಲ್ಲಗೆ ತಿರುಗಿಸಿ, ತಳದ ಯೀಸ್ಟನ್ನು ಎಬ್ಬಿಸುವುದು. ಬೇಗ ತಳ ಕಚ್ಚುವ ಇಂಗ್ಲಿಷ್ ತಳಿಗಳಿಗೆ ಇದೇ ಸಾಕಾಗಬಹುದು. ಸಾಲದಿದ್ದರೆ ಬೇರೆ ಮಾಲ್ಟ್ ರಸದಲ್ಲಿ ಯೀಸ್ಟ್ ಬೆಳೆಸಿ, ನೊರೆಯುಕ್ಕುವ ಹೊತ್ತಿಗೆ ಸೇರಿಸುವ ಸ್ಟಾರ್ಟರ್ ಅತ್ಯುತ್ತಮ. ಗ್ಲುಕೋಅಮೈಲೇಸ್ ಕಿಣ್ವವೂ ಅಂಕಿಯನ್ನು ಇಳಿಸುತ್ತದೆ ನಿಜ. ಆದರೆ ಅದು ಡೆಕ್ಸ್‌ಟ್ರಿನ್ನನ್ನೇ ಒಡೆದು ಸಕ್ಕರೆಯಾಗಿಸುವುದರಿಂದ ಬಾರ್ಲಿವೈನಿನ ಮೈಕಟ್ಟೇ ಕರಗಿಹೋಗುತ್ತದೆ. ಅಂಕಿ ಗೆದ್ದು ರುಚಿ ಸೋಲುವ ಚಿಕಿತ್ಸೆಯನ್ನು ನಾನು ಒಪ್ಪಲಾರೆ. 1904ರಲ್ಲಿ ಕಾರ್ಲ್ಸ್‌ಬರ್ಗ್ ಬಿಯರ್ ಸಂಸ್ಥೆಯ ವಿಜ್ಞಾನಿ ಕ್ಲಾಸೆನ್ ಇಂಗ್ಲಿಷ್ ಸ್ಟಾಕ್ ಬಿಯರುಗಳಲ್ಲಿ ಗುರುತಿಸಿದ ಬ್ರೆಟನೊಮೈಸಿಸ್ ಎಂಬ ಯೀಸ್ಟ್, ಸಾಮಾನ್ಯ ಯೀಸ್ಟ್ ಬಿಟ್ಟ ಸಕ್ಕರೆಯನ್ನೂ ತಿಂಗಳುಗಟ್ಟಲೆ ತಿನ್ನಬಲ್ಲದು. ಆದರೆ ಆಗ ಸಿಗುವುದು ಬೇರೆಯದೇ ಬಿಯರ್. ಬೇಕೆಂದೇ ಆರಿಸಿಕೊಳ್ಳುವವರಿಗೆ ಗೌರವದ ದಾರಿ.

ಹುದುಗು ನಿಲ್ಲುವುದು ಎರಡನೇ ವಾರದಲ್ಲಿ ಕಂಡರೂ ಕಾರಣ ಹೆಚ್ಚಾಗಿ ಮೊದಲ ದಿನದ್ದೇ. 1.100ರ 20 ಲೀಟರ್ ರಸಕ್ಕೆ ಸುಮಾರು 36,000 ಕೋಟಿ ಯೀಸ್ಟ್ ಕೋಶ ಬೇಕು. 11 ಗ್ರಾಮಿನ ಒಂದು ಪೊಟ್ಟಣ ಅದಕ್ಕೆ ಸಾಲದು. ಗಾಳಿಯಲ್ಲಿ ಕುಲುಕಿದರೆ ಸಿಗುವ ಆಮ್ಲಜನಕವೂ ಕಡಿಮೆಯೇ. ಮೊದಲು ಹಗುರ ಬಿಯರ್ ಮಾಡಿ, ಅದರ ತಳದಲ್ಲಿ ಬೆಳೆದ ತಾಜಾ ಯೀಸ್ಟನ್ನು ಬಾರ್ಲಿವೈನಿಗೆ ಬಳಸುವ ಪದ್ಧತಿಗೆ ಹೆಚ್ಚಿನ ಖರ್ಚಿಲ್ಲ, ರುಚಿಯ ನಷ್ಟವೂ ಇಲ್ಲ. ಮೇಲಿನ ಎಲ್ಲ ಚಿಕಿತ್ಸೆಗಳಿಗಿಂತ ಹೆಚ್ಚಿನ ಅಂಕ ಸಲ್ಲಬೇಕಾದ್ದು ಇದಕ್ಕೇ.