‘ಆ ದಿನಗಳು’: ಚರಿತ್ರೆಯ ಆಧಾರವಾಗಿ ಒಂದು ಚಲಚ್ಚಿತ್ರ

ಕೆ. ಎಂ. ಚೈತನ್ಯ ಅವರ ನಿರ್ದೇಶನದಲ್ಲಿ 2007ರಲ್ಲಿ ತೆರೆಕಂಡ ‘ಆ ದಿನಗಳು’ ಎಂಬ ಚಲಚ್ಚಿತ್ರವು 1980ರ ದಶಕದ ಬೆಂಗಳೂರಿನ ಭೂಗತಲೋಕವನ್ನು ವಸ್ತುವಾಗಿ ಉಳ್ಳದ್ದು. ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಎಂಬ ಆತ್ಮಕಥನವೇ ಇದಕ್ಕೆ ಮೂಲ. ಚಿತ್ರಕಥೆಯ ರಚನೆಯಲ್ಲಿ ಗಿರೀಶ ಕಾರ್ನಾಡರು ಶ್ರೀಧರರೊಡನೆ ಸಹಕರಿಸಿದ್ದಾರೆ. ಇಂದಿನ ವಿದ್ಯಾರ್ಥಿಗಳು ಆ ಕಾಲದ ಬೆಂಗಳೂರನ್ನು ಹೆಚ್ಚಾಗಿ ಇಂಥ ಚಿತ್ರಗಳಿಂದಲೇ ಅರಿಯುತ್ತಿದ್ದಾರೆ. ಆದುದರಿಂದ ಇದನ್ನು ಚರಿತ್ರೆಯ ಆಧಾರವೆಂದು ಎಷ್ಟರಮಟ್ಟಿಗೆ ಸ್ವೀಕರಿಸಬಹುದೆಂಬುದನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಕಥೆಯು ಸರಳವಾದುದು. ಸಿರಿವಂತನೊಬ್ಬನು ತನ್ನ ಮಗನ ಪ್ರೇಮವನ್ನು ಮುರಿಯುವುದಕ್ಕಾಗಿ ಕೋತ್ವಾಲ್ ರಾಮಚಂದ್ರನ ನೆರವನ್ನು ಬೇಡುತ್ತಾನೆ. ಬೆದರಿದ ಮಗನು ಕೋತ್ವಾಲನ ವೈರಿಗಳಾದ ಜಯರಾಜ್ ಮತ್ತು ಶ್ರೀಧರರ ಪಕ್ಷವನ್ನು ಸೇರುತ್ತಾನೆ. 1986ರಲ್ಲಿ ನಡೆದ ಕೋತ್ವಾಲನ ಕೊಲೆಯತ್ತ ಕಥೆ ಸಾಗುತ್ತದೆ. ನಿಜವಾದ ರೌಡಿಗಳನ್ನೇ ತೆರೆಗೆ ತಂದ ‘ಓಂ’ (1995) ಚಿತ್ರದ ಅಬ್ಬರ ಇಲ್ಲಿಲ್ಲ. ಕೋತ್ವಾಲನ ಪಾತ್ರದಲ್ಲಿ ಶರತ್ ಲೋಹಿತಾಶ್ವರು ಮಾತಿಗಿಂತ ಮೌನದಿಂದಲೇ ಭಯವನ್ನು ಹುಟ್ಟಿಸುತ್ತಾರೆ. ಈ ಸಂಯಮವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಸಂಯಮವನ್ನು ಸತ್ಯವೆಂದು ಭ್ರಮಿಸುವುದು ಪ್ರೇಕ್ಷಕನಿಗೆ ಬಹು ಸುಲಭ.

ಪರಶುರಾಂಪುರದ ಸುತ್ತಿನ ವಿದ್ಯಾರ್ಥಿಗಳಿಗೆ ವೀರಗಲ್ಲನ್ನು ಓದುವ ಕ್ರಮವನ್ನು ಕಲಿಸುವಾಗ ನಾವು ಮೊದಲು ಕೇಳುವ ಪ್ರಶ್ನೆಯೊಂದುಂಟು: ಈ ಕಲ್ಲನ್ನು ನೆಡಿಸಿದವರು ಯಾರು? ತುರುಗೊಳ್ ಕಾಳಗದಲ್ಲಿ ಮಡಿದವನಿಗೆ ಅವನ ಬಂಧುಗಳೋ ಒಡೆಯನೋ ಊರವರೋ ಕಲ್ಲು ನಿಲ್ಲಿಸುತ್ತಾರೆ. ಹಸುಗಳನ್ನು ಅಟ್ಟಿಕೊಂಡು ಹೋದವನಿಗೆ ಅದರಲ್ಲಿ ಹೆಸರಿರುವುದೇ ಅಪರೂಪ. ಅದು ಏಕಪಕ್ಷೀಯವೇ ಸರಿ, ಆದರೆ ಸತ್ತವನ ಪಕ್ಷ. ‘ಆ ದಿನಗಳು’ ಇದಕ್ಕೆ ವಿಪರೀತವಾದುದು. ಇಲ್ಲಿ ಹತನಾದವನ ಕಥೆಯನ್ನು ಹೇಳುವವರು ಅವನ ಕೊಲೆಯಲ್ಲಿ ಪಾಲ್ಗೊಂಡವರು. ಅವರು ಅದನ್ನು ಮುಚ್ಚಿಟ್ಟಿಲ್ಲವೆಂಬುದು ಗೌರವಾರ್ಹವೇ; ಆದರೆ ತಪ್ಪೊಪ್ಪಿಗೆಯು ಪ್ರಾಮಾಣಿಕವಾದ ಮಾತ್ರಕ್ಕೆ ಅದರಲ್ಲಿನ ಎದುರಾಳಿಯ ಚಿತ್ರವೂ ಪ್ರಾಮಾಣಿಕವೆನ್ನಲಾಗದು.

ಪ್ರೇಮಕಥೆಯ ಪ್ರಯೋಜನವೂ ಇಲ್ಲಿಯೇ ಇದೆ. ಎರಡು ಗುಂಪುಗಳ ಹಗೆತನದಿಂದ ನಡೆದ ಕೊಲೆಯು ಪ್ರೇಮಿಗಳಿಬ್ಬರ ರಕ್ಷಣೆಯಾಗಿ ತೋರುತ್ತದೆ. ಪ್ರೇಕ್ಷಕನು ತಿಳಿಯದೆಯೇ ಸಮ್ಮತಿಸುತ್ತಾನೆ. ಕೋತ್ವಾಲನನ್ನು ಬೆಳೆಸಿದವರಾರೆಂಬುದಕ್ಕೆ ಚಿತ್ರದಲ್ಲಿ ವಿಶೇಷ ಅವಕಾಶವಿಲ್ಲ. ದಾದಾನ ಬಾಗಿಲನ್ನು ತಟ್ಟಿದ ಮರ್ಯಾದಸ್ಥ ತಂದೆಯನ್ನಾದರೂ (ಈ ಪಾತ್ರವನ್ನು ಕಾರ್ನಾಡರೇ ವಹಿಸಿದ್ದಾರೆ) ಇನ್ನಷ್ಟು ಹಿಂಬಾಲಿಸಬಹುದಾಗಿತ್ತು. ನಮ್ಮ ದೃಷ್ಟಿಯಲ್ಲಿ ಇಡೀ ಚಿತ್ರದ ಅತ್ಯಂತ ಐತಿಹಾಸಿಕ ಪಾತ್ರ ಅದೇ.

ಫ್ರಾನ್ಸಿನ ಉದಾಹರಣೆಯೊಂದನ್ನು ಇದರೊಡನೆ ಇಟ್ಟು ನೋಡಬಹುದು. ಜಾಕ್ ಮೆಸ್ರಿನ್ ಎಂಬ ದರೋಡೆಕೋರನು ಸೆರೆಮನೆಯಲ್ಲಿದ್ದಾಗಲೇ ಬರೆದ ಆತ್ಮಕಥೆಯು 1977ರಲ್ಲಿ ಪ್ರಕಟವಾಯಿತು. 1979ರ ನವೆಂಬರ್ 2ರಂದು ಪ್ಯಾರಿಸ್ಸಿನಲ್ಲಿ ಪೊಲೀಸರು ಅವನನ್ನು ಕಾರಿನಲ್ಲಿಯೇ ಗುಂಡಿಟ್ಟು ಕೊಂದರು. ಜಾಂ ಫ್ರಾಂಸ್ವಾ ರಿಷೆ 2008ರಲ್ಲಿ ಅವನ ಜೀವನವನ್ನು ಎರಡು ಭಾಗಗಳ ಚಿತ್ರವಾಗಿಸಿದನು. ಯಾವ ಚಿತ್ರವೂ ಮನುಷ್ಯಜೀವನದ ಜಟಿಲತೆಯನ್ನು ಪೂರ್ಣವಾಗಿ ಕಾಣಿಸಲಾರದೆಂಬ ಅರ್ಥದ ಎಚ್ಚರಿಕೆಯೊಡನೆ ಆ ಚಿತ್ರ ಆರಂಭವಾಗುತ್ತದೆ. ಮೆಸ್ರಿನ್ ಬಡಾಯಿಕೋರನಾಗಿದ್ದಿರಬಹುದು, ಆದರೂ ಅವನ ಬಡಾಯಿ ಅವನದೇ. ಕೋತ್ವಾಲನಿಗೆ ಆ ಭಾಗ್ಯವೂ ಇಲ್ಲ.

2022ರಲ್ಲಿ ಬಂದ ‘ಹೆಡ್ ಬುಷ್’ ಚಿತ್ರದ ಕಥೆಯೂ ಶ್ರೀಧರರದೇ. ಇಲ್ಲಿ 1989ರಲ್ಲಿ ಹತನಾದ ಜಯರಾಜನು ನಾಯಕ. ದೇವರಾಜ ಅರಸರ ಕಾಲದ ರಾಜಕೀಯವೂ ರೌಡಿಗಳೂ ಒಂದನ್ನೊಂದು ಪೋಷಿಸಿದ ಬಗೆ ತೆರೆಗೆ ಬಂದಿದೆ. ಕಲೆಯಲ್ಲಿ ಇದು ಹಿಂದಿನದಕ್ಕೆ ಸಮನಲ್ಲ. ಆದರೆ ಮೊದಲ ಚಿತ್ರವು ಕೇಳದೆ ಬಿಟ್ಟ ಪ್ರಶ್ನೆಯನ್ನು ಇದು ಕೇಳಿದೆ. ಹೀಗೆ ಒಂದೇ ಲೇಖನಿಯು ಎರಡು ಚಿತ್ರಗಳಿಗೆ ಸಾಕ್ಷಿಯಾಗಿರುವಾಗ, ಒಂದು ಇನ್ನೊಂದನ್ನು ಸಮರ್ಥಿಸಿತೆಂದು ವಾದಿಸುವುದು ಶಾಸ್ತ್ರೀಯವಲ್ಲ.

ಆ ದಶಕವನ್ನು ಕುರಿತು ಪ್ರಬಂಧವನ್ನು ಬರೆಯಬಯಸುವ ವಿದ್ಯಾರ್ಥಿಯು ಪೊಲೀಸ್ ಹಾಗೂ ನ್ಯಾಯಾಲಯಗಳ ಕಡತಗಳನ್ನೂ, 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ಯೇ ಮೊದಲಾದ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನೂ ಚಿತ್ರದ ಪಕ್ಕದಲ್ಲಿಟ್ಟು ಓದಬೇಕು. ಕೋತ್ವಾಲನ ಕಡೆಯವರಲ್ಲಿ ಬದುಕಿರುವವರ ಮಾತನ್ನು ಮುದ್ರಿಸಿಕೊಳ್ಳುವುದು ಇನ್ನೂ ತುರ್ತಿನ ಕೆಲಸ, ಅವರಿಗೂ ವಯಸ್ಸಾಗುತ್ತಿದೆ.