‘ಬ್ಯಾಕ್ ಫಾರ್ ಕ್ರಿಸ್‌ಮಸ್’: ಅಚ್ಚುಕಟ್ಟುತನ ಮತ್ತು ನಾಟಕೀಯ ವ್ಯಂಗ್ಯ

ಅಪರಾಧಕಥೆಗಳನ್ನು ಗಂಭೀರ ವಿಮರ್ಶೆಯ ಕಕ್ಷೆಯೊಳಕ್ಕೆ ತರಲು ವಿದ್ವಾಂಸರು ಹಿಂಜರಿಯುವುದುಂಟು. ಕುತೂಹಲ ತಣಿದೊಡನೆ ಇಂಥ ಕೃತಿಯ ಸ್ವಾರಸ್ಯವೂ ತೀರುತ್ತದೆಂಬುದು ಅವರ ಆಕ್ಷೇಪ. ಅನೇಕ ಕೃತಿಗಳ ವಿಷಯದಲ್ಲಿ ಇದು ನಿಜವೇ. ಆದರೆ ರಹಸ್ಯ ತಿಳಿದ ಮೇಲೆಯೇ ಅರ್ಥ ಬಿಚ್ಚಿಕೊಳ್ಳತೊಡಗುವ ಕೃತಿಗಳೂ ಇವೆ. ಆಲ್ಫ್ರೆಡ್ ಹಿಚ್‌ಕಾಕನ ‘ಬ್ಯಾಕ್ ಫಾರ್ ಕ್ರಿಸ್‌ಮಸ್’ ಎಂಬ ದೂರದರ್ಶನ ನಾಟಕ ಅಂಥವುಗಳಲ್ಲಿ ಒಂದೆಂಬುದು ನಮ್ಮ ಅಭಿಪ್ರಾಯ.

ಈ ಕಂತು ಅಮೆರಿಕದ ‘ಆಲ್ಫ್ರೆಡ್ ಹಿಚ್‌ಕಾಕ್ ಪ್ರೆಸೆಂಟ್ಸ್’ ಮಾಲೆಯಲ್ಲಿ 1956ರ ಮಾರ್ಚ್ 4ರಂದು ಪ್ರಸಾರವಾಯಿತು. 1955ರಿಂದ 1962ರವರೆಗೆ ನಡೆದ ಆ ಮಾಲೆಯ 268 ಅರ್ಧಗಂಟೆಯ ಕಂತುಗಳಲ್ಲಿ ಹಿಚ್‌ಕಾಕನು ತಾನೇ ನಿರ್ದೇಶಿಸಿದವು 17 ಮಾತ್ರ, ಇದು ಅವುಗಳಲ್ಲೊಂದು. ಮೂಲಕಥೆ ಇಂಗ್ಲಿಷ್ ಲೇಖಕ ಜಾನ್ ಕಾಲಿಯರನದು. 1939ರಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಅಚ್ಚಾಯಿತು. 1943ರಲ್ಲಿ ಪೀಟರ್ ಲೋರ್‌ನ ಅಭಿನಯದಲ್ಲಿ ರೇಡಿಯೋ ನಾಟಕವೂ ಆಯಿತು. ದೂರದರ್ಶನಕ್ಕೆ ಅದನ್ನು ಅಳವಡಿಸಿದವನು ಫ್ರಾನ್ಸಿಸ್ ಕಾಕ್ರೆಲ್.

ಕಥಾವಸ್ತು ಸರಳವಾದುದು. ಹರ್ಬರ್ಟ್ ಕಾರ್ಪೆಂಟರನ ಪತ್ನಿ ಹರ್ಮಯೊನಿ ಅಚ್ಚುಕಟ್ಟಿನ ಮೂರ್ತಿ. ಮನೆಯ ಪ್ರತಿಯೊಂದು ವಸ್ತುವಿಗೂ ಸ್ಥಾನವನ್ನು, ಗಂಡನ ಪ್ರತಿಯೊಂದು ಚಲನೆಗೂ ವೇಳೆಯನ್ನು ಗೊತ್ತುಮಾಡುವವಳು ಆಕೆ. ದಂಪತಿಗಳು ಇಂಗ್ಲೆಂಡಿನಿಂದ ಕ್ಯಾಲಿಫೋರ್ನಿಯಕ್ಕೆ ಹೊರಟಿದ್ದಾರೆ. ಕ್ರಿಸ್‌ಮಸ್ ವೇಳೆಗೆ ಹಿಂದಿರುಗಲೇಬೇಕೆಂಬುದು ಆಕೆಯ ನಿರ್ಣಯ. ಮದ್ಯದ ಸೀಸೆಗಳನ್ನಿಡಲೆಂದು ಹೇಳಿ ನೆಲಮಾಳಿಗೆಯಲ್ಲಿ ಹಳ್ಳ ತೋಡುತ್ತಿದ್ದ ಹರ್ಬರ್ಟನು ಅವಳನ್ನು ಕೊಂದು ಅಲ್ಲಿಯೇ ಹೂಳುತ್ತಾನೆ. ಬಳಿಕ ಒಬ್ಬನೇ ಕ್ಯಾಲಿಫೋರ್ನಿಯವನ್ನು ಸೇರಿ, ಬಿಡುಗಡೆಯ ಸುಖವನ್ನು ಅನುಭವಿಸತೊಡಗುತ್ತಾನೆ. ಅಷ್ಟರಲ್ಲಿ ಕಟ್ಟಡದ ಕಂಟ್ರಾಕ್ಟರರ ಕಾಗದ ಬರುತ್ತದೆ. ಗಂಡನಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ, ಅವನಿಗೆ ತಿಳಿಯದಂತೆ, ಅದೇ ನೆಲಮಾಳಿಗೆಯನ್ನು ಅಗೆಸಿ ಮದ್ಯಗೃಹವನ್ನು ಕಟ್ಟಿಸಲು ಹರ್ಮಯೊನಿ ಮೊದಲೇ ಏರ್ಪಾಡು ಮಾಡಿದ್ದಳು.

ಮೇಲುನೋಟಕ್ಕೆ ಇದು ‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆಯ ನಿದರ್ಶನ. ಹಾಗೆಂದು ಬಿಟ್ಟರೆ ಕೃತಿಗೆ ಅನ್ಯಾಯವಾಗುತ್ತದೆ. ಕಾಲಿಯರನ ಕಥೆಯಲ್ಲಿ ಕೊಲೆಗಾರನಿಗೆ ಪ್ರೇಯಸಿಯೊಬ್ಬಳಿದ್ದಾಳೆ. ದೂರದರ್ಶನ ರೂಪದಲ್ಲಿ ಅವಳಿಲ್ಲ. ಈ ಬದಲಾವಣೆಯಲ್ಲಿಯೇ ನಾಟಕದ ಜೀವವಿದೆ. ಕಾಮದ ಪ್ರೇರಣೆಯಿದ್ದಲ್ಲಿ ಪ್ರೇಕ್ಷಕನು ಕೊಲೆಗಾರನಿಂದ ದೂರ ನಿಂತು ಅವನನ್ನು ಖಂಡಿಸಬಹುದು. ಇಲ್ಲಿ ಉಳಿದಿರುವ ಪ್ರೇರಣೆ ಬೇಸರವೊಂದೇ. ಆ ಬೇಸರ ನಮ್ಮದೂ ಹೌದು. ಇಸಬೆಲ್ ಎಲ್ಸಮಳ ಹರ್ಮಯೊನಿ ಒಂದೊಂದು ಸೂಚನೆ ಕೊಟ್ಟಾಗಲೂ ನಾವು ಜಾನ್ ವಿಲಿಯಮ್ಸನ ಸೌಜನ್ಯಪೂರ್ಣ ಮುಖದ ಕಡೆಗೆ ಮರುಕದಿಂದ ತಿರುಗುತ್ತೇವೆ. ಆಕೆಗೆ ಅಂತರಂಗವೆಂಬುದೊಂದು ಇದ್ದೀತೆಂದು ಅವನೂ ಯೋಚಿಸುವುದಿಲ್ಲ, ನಾವೂ ಯೋಚಿಸುವುದಿಲ್ಲ. ಪಾತ್ರವನ್ನು ವಿಕಟಚಿತ್ರವಾಗಿಸಿದ್ದಾರೆಂದು ಆಕ್ಷೇಪಿಸುವವರು ಇದನ್ನು ಗಮನಿಸಬೇಕು: ಕಡೆಯ ಕಾಗದ ಆ ವಿಕಟಚಿತ್ರವನ್ನೇ ಒಡೆಯುತ್ತದೆ. ವ್ಯವಸ್ಥೆಯ ಚಟವೆಂದು ನಾವು ತಿಳಿದಿದ್ದುದರೊಳಗೆ ಗಂಡನ ಇಷ್ಟವನ್ನು ಗುರುತಿಸಿ ನೆನಪಿಟ್ಟುಕೊಂಡ ಮಮತೆಯೊಂದು ಅಡಗಿತ್ತು. ‘ಹಿಂದಿರುಗಲೇಬೇಕು’ ಎಂಬ ಹಟದ ಮಾತಿಗೆ ಧ್ವನ್ಯರ್ಥವಿತ್ತೆಂಬುದು ಆಗ ಹೊಳೆಯುತ್ತದೆ.

ಇನ್ನೊಂದು ಅಂಶವೂ ವಿಚಾರಾರ್ಹವಾಗಿದೆ. ಹೆಂಡತಿಯ ಅಚ್ಚುಕಟ್ಟುತನವನ್ನು ಸಹಿಸಲಾರದ ಹರ್ಬರ್ಟನು ತನ್ನ ಕೊಲೆಯನ್ನು ಅಷ್ಟೇ ಅಚ್ಚುಕಟ್ಟಾಗಿ ಯೋಜಿಸುತ್ತಾನೆ. ಶಿಷ್ಯನು ಗುರುವಿನ ವಿದ್ಯೆಯನ್ನು ಗುರುವಿನ ಮೇಲೆಯೇ ಪ್ರಯೋಗಿಸಿದಂತೆ. ಆದರೆ ಆಕೆಯ ವ್ಯವಸ್ಥೆ ಮತ್ತೊಬ್ಬರನ್ನು ನೆನೆದು ಮಾಡಿದ್ದು. ಅದಕ್ಕೆ ಬೇರೆಯವರ ಕೈಗಳು ಸೇರಿವೆ. ಆದಕಾರಣ ಅದು ಅವಳ ಮರಣಾನಂತರವೂ ನಡೆಯುತ್ತದೆ. ಅವನದು ತನ್ನೊಬ್ಬನಿಗಾಗಿ ಮಾಡಿದ್ದು. ಒಂದು ಕಾಗದದ ಮುಂದೆ ಅದು ಕುಸಿಯುತ್ತದೆ.

ಈ ಮಾಲೆಯ ಹಲವು ಕಂತುಗಳಲ್ಲಿ ಅಪರಾಧಿ ಪಾರಾದಂತೆ ಕಥೆ ಮುಗಿದರೆ, ಹಿಚ್‌ಕಾಕನು ಕೊನೆಗೆ ತಾನೇ ಕಾಣಿಸಿಕೊಂಡು, ಆತ ಸಿಕ್ಕಿಬಿದ್ದನೆಂದು ವಿನೋದವಾಗಿ ಹೇಳಿ ನೀತಿಯ ಸಾಲವನ್ನು ತೀರಿಸುವುದುಂಟು. ಅದು ಹೊರಗಿನಿಂದ ಅಂಟಿಸಿದ ನ್ಯಾಯ. ಇಲ್ಲಿ ಅಂಥ ತೇಪೆ ಬೇಕಾಗಿಲ್ಲ. ಶಿಕ್ಷೆ ಪಾತ್ರಸ್ವಭಾವದಿಂದಲೇ ಒಡಮೂಡಿದೆ. ಪೊಲೀಸರಾಗಲಿ ಪತ್ತೇದಾರನಾಗಲಿ ಬರುವುದಿಲ್ಲ. ಹರ್ಮಯೊನಿ ಹರ್ಮಯೊನಿಯಾಗಿದ್ದುದೇ ಸಾಕಾಯಿತು. ಔಚಿತ್ಯವೆಂದು ನಮ್ಮ ಅಲಂಕಾರಿಕರು ಕರೆದುದಕ್ಕೆ ಇದಕ್ಕಿಂತ ಅಡಕವಾದ ಉದಾಹರಣೆ ಈ ಕಿರುಪ್ರಕಾರದಲ್ಲಿ ವಿರಳ.

ಎರಡನೆಯ ಸಲ ನೋಡುವಾಗ ನಾವು ಹರ್ಬರ್ಟನ ಕಡೆಗೆ ಮೊದಲಿನಂತೆ ತಿರುಗಲಾರೆವು. ಸಹಿಸಲಾಗದವರೆಂದು ನಾವು ಬದಿಗೊತ್ತಿದವರ ಪಟ್ಟಿಯಲ್ಲಿ ನಮಗಾಗಿಯೇ ಏನು ಬರೆದಿದ್ದೀತೆಂಬ ಅಳುಕು ಮನಸ್ಸಿನಲ್ಲಿ ಉಳಿಯುತ್ತದೆ. ಕುತೂಹಲ ತಣಿದ ಬಳಿಕವೂ ಉಳಿಯುವ ಈ ಅಳುಕೇ ಕೃತಿಯ ಸಿದ್ಧಿಯೆಂದು ನಾವು ಭಾವಿಸುತ್ತೇವೆ.